ಲ್ಯಾಪ್‌ಟಾಪಿನಲ್ಲಿ ಓಡುವ ಸಿನಿಮಾ ಮಾನಿಟರ್‌ನಲ್ಲಿ ಕಪ್ಪಾದರೆ: ಕೊಂಡಿ ಕೊಂಡಿ ಬಿಚ್ಚಿ ನೋಡುವ ಕ್ರಮ

ಲ್ಯಾಪ್‌ಟಾಪಿನ ಪರದೆಯಲ್ಲಿ ಸಿನಿಮಾ ಚೆನ್ನಾಗಿ ಓಡುತ್ತಿರುತ್ತದೆ. ಅದೇ ಕಿಟಕಿಯನ್ನು ಎಳೆದು ಪಕ್ಕದ ಮಾನಿಟರ್‌ಗೆ ಒಯ್ದರೆ ಚಿತ್ರ ಮಾಯ, ಮಾತು–ಹಾಡು ಮಾತ್ರ ಕೇಳುತ್ತದೆ. ಯೂಟ್ಯೂಬ್ ಹಚ್ಚಿದರೆ ಅದೇ ಮಾನಿಟರ್, ಅದೇ ಕೇಬಲ್ ಯಾವ ತಕರಾರೂ ಇಲ್ಲದೆ ಚಿತ್ರ ತೋರಿಸುತ್ತವೆ. ಇಷ್ಟಾದ ಮೇಲೆ ಹೆಚ್ಚಿನವರು ಮಾಡುವ ಕೆಲಸ ಒಂದೇ: ಬಳ್ಳಾರಿಯವರು ಕೌಲ್ ಬಜಾರಿಗೋ, ರಾಯಚೂರಿನವರು ತೀನ್ ಕಂದೀಲ್ ಕಡೆಗೋ ಹೋಗಿ ಹೊಸ ಎಚ್‌ಡಿಎಂಐ ಕೇಬಲ್ ತರುವುದು. ಬಹಳ ಸಲ ಆ ದುಡ್ಡು ದಂಡ. ಯೂಟ್ಯೂಬ್ ಬರುತ್ತಿದೆ ಎಂದರೆ ಚಿತ್ರ ಸಾಗಿಸುವ ತಂತಿಗಳು ಸರಿಯಿವೆ. ಕೆಟ್ಟಿರುವುದು ಚಿತ್ರ ಕಳಿಸಲು ಬೇಕಾದ ಒಪ್ಪಿಗೆ.

ಆ ಒಪ್ಪಿಗೆಯ ಹೆಸರು ಎಚ್‌ಡಿಸಿಪಿ. ಇಂಟೆಲ್ ರೂಪಿಸಿದ ಈ ವ್ಯವಸ್ಥೆಯಲ್ಲಿ ಹಣ ಕೊಟ್ಟು ನೋಡುವ ಸಿನಿಮಾ, ಧಾರಾವಾಹಿ, ಮ್ಯಾಚ್ ಕಂಪ್ಯೂಟರಿನಿಂದ ಹೊರಗೆ ಹೋಗುವ ಮುಂಚೆ ಕಂಪ್ಯೂಟರು ಮಾನಿಟರ್‌ನ ಗುಟ್ಟಿನ ಕೀಲಿ ಕೇಳುತ್ತದೆ. ಉತ್ತರ ಸರಿಬಂದರೆ ಚಿತ್ರವನ್ನು ಗೂಢಲಿಪಿ ಮಾಡಿ ಕಳಿಸುತ್ತದೆ, ಮಾನಿಟರ್ ಅದನ್ನು ಬಿಡಿಸಿ ತೋರಿಸುತ್ತದೆ. ಉತ್ತರ ಬರದಿದ್ದರೆ ಚಿತ್ರ ನಿಲ್ಲುತ್ತದೆ, ಇಲ್ಲವೇ ಮಸುಕು ದರ್ಜೆಗೆ ಇಳಿಯುತ್ತದೆ. ಕೇಳುವುದು ಒಂದು ಸಲಕ್ಕೆ ಮುಗಿಯುವುದಿಲ್ಲ. ಹಳೆಯ 1.x ಆವೃತ್ತಿಯಲ್ಲಿ ಸುಮಾರು ಎರಡು ಸೆಕೆಂಡಿಗೊಮ್ಮೆ ಕೊಂಡಿ ಗಟ್ಟಿಯಿದೆಯೇ ಎಂದು ಮತ್ತೆ ವಿಚಾರಣೆ ನಡೆಯುತ್ತಲೇ ಇರುತ್ತದೆ. ಈ ಒಂದು ಮಾತು ನೆನಪಿಟ್ಟರೆ ಮುಂದಿನ ಲಕ್ಷಣಗಳ ಅರ್ಥ ತಾನಾಗಿ ಹೊಳೆಯುತ್ತದೆ.

ಮೊದಲು ಲಕ್ಷಣ ಗುರುತಿಸಿ

"ವಿಡಿಯೊ ಬರುತ್ತಿಲ್ಲ" ಎಂಬ ದೂರಿನೊಳಗೆ ಐದಾರು ಬೇರೆ ಬೇರೆ ಕಾಯಿಲೆಗಳಿವೆ.

ಧ್ವನಿ ಇದೆ, ಚಿತ್ರ ಪೂರ್ತಿ ಕಪ್ಪು. ಸಬ್‌ಟೈಟಲ್, ನಿಲ್ಲಿಸುವ–ಓಡಿಸುವ ಗುಂಡಿಗಳು ಕಾಣುತ್ತವೆ. ಇಲ್ಲಿ ಎಚ್‌ಡಿಸಿಪಿ ಒಪ್ಪಿಗೆ ಸಿಕ್ಕಿಲ್ಲ, ಅಥವಾ ಯಾವುದೋ ತಂತ್ರಾಂಶ ಪರದೆಯನ್ನು ನಕಲು ಮಾಡುತ್ತಿದೆ.

ಚಿತ್ರ ಬರುತ್ತದೆ, ಆದರೆ ಹಳೆ ಸಿಡಿ ನೋಡಿದ ಹಾಗೆ ಮಸುಕು. ಸೇವೆಯೇ ದರ್ಜೆ ಇಳಿಸಿದೆ. ಪ್ರೈಮ್ ವಿಡಿಯೊದಲ್ಲಿ ಇದು ಸಾಮಾನ್ಯ: ಎಚ್‌ಡಿಸಿಪಿ ಸಿಗದಿದ್ದರೆ ಎಚ್‌ಡಿ ಕೊಡುವುದಿಲ್ಲ.

ಎರಡು–ಮೂರು ಸೆಕೆಂಡಿಗೊಮ್ಮೆ ಪರದೆ ಕಣ್ಣು ಮುಚ್ಚಿ ತೆರೆಯುತ್ತದೆ. ಒಪ್ಪಿಗೆ ಸಿಕ್ಕಿದೆ, ನಿಲ್ಲುತ್ತಿಲ್ಲ. ಇಲ್ಲಿ ಕೇಬಲ್, ಪಿನ್ನು, ಸಡಿಲ ಸಾಕೆಟ್ ಮೇಲೆ ಅನುಮಾನಪಡುವುದು ನ್ಯಾಯ.

ಇಡೀ ಪರದೆ ತುಂಬ ಗುಲಾಬಿ–ಹಸಿರು ಚುಕ್ಕೆಗಳ ಹಿಮಪಾತ. ಗೂಢಲಿಪಿ ಮಾಡುವವರಿಗೂ ಬಿಡಿಸುವವರಿಗೂ ತಾಳ ತಪ್ಪಿದೆ. ಮಾನಿಟರ್ ಬಂದ್ ಮಾಡಿ ಮತ್ತೆ ಹಚ್ಚಿದರೆ ಹೆಚ್ಚಾಗಿ ಹೋಗುತ್ತದೆ.

ಮಾನಿಟರ್‌ನ ಗಾತ್ರವೇ ತಪ್ಪಾಗಿ 1024×768 ಅಥವಾ 640×480ಕ್ಕೆ ನಿಂತಿದೆ, ಜೊತೆಗೆ ಸಿನಿಮಾವೂ ಬರುವುದಿಲ್ಲ. ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಕೆಳಗೆ ಧೂಳು–ಅರ್ಥಿಂಗ್ ಭಾಗದಲ್ಲಿ ವಿವರವಿದೆ.

ಮೂರು ಪರೀಕ್ಷೆ

ಒಂದು: ಮಾನಿಟರ್ ಮೇಲೆ ಯಾವುದಾದರೂ ಉಚಿತ ಯೂಟ್ಯೂಬ್ ವಿಡಿಯೊ ಓಡಿಸಿ. ಅದೂ ಬರದಿದ್ದರೆ ಎಚ್‌ಡಿಸಿಪಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ; ಕೇಬಲ್, ಮಾನಿಟರ್‌ನಲ್ಲಿ ಆರಿಸಿದ ಇನ್‌ಪುಟ್, ಡ್ರೈವರ್ (ಕಂಪ್ಯೂಟರಿನ ಚಿತ್ರ ಮೂಡಿಸುವ ಭಾಗವನ್ನು ನಡೆಸುವ ತಂತ್ರಾಂಶ) ನೋಡಿ.

ಎರಡು: ಮಾನಿಟರ್ ಕೇಬಲ್ ಪೂರ್ತಿ ಕಿತ್ತು, ಬ್ರೌಸರ್ ಮುಚ್ಚಿ ತೆರೆದು, ಅದೇ ಸಿನಿಮಾ ಲ್ಯಾಪ್‌ಟಾಪ್ ಪರದೆಯಲ್ಲಿ ಓಡಿಸಿ. ಇಲ್ಲೂ ಬರದಿದ್ದರೆ ಮಾನಿಟರ್ ನಿರ್ದೋಷಿ. ನೇರವಾಗಿ "ಕಂಪ್ಯೂಟರಿನ ಒಳಗೆ" ಎಂಬ ಭಾಗಕ್ಕೆ ಹೋಗಿ.

ಮೂರು: ಕೇಬಲ್ ಮತ್ತೆ ಹಚ್ಚಿ, ವಿಂಡೋಸ್ ಕೀ ಜೊತೆ ಪಿ ಒತ್ತಿ, ನಾಲ್ಕು ಆಯ್ಕೆಗಳಲ್ಲಿ ಕೊನೆಯದನ್ನು, ಅಂದರೆ ಎರಡನೇ ಪರದೆ ಮಾತ್ರ ಎಂಬುದನ್ನು ಆರಿಸಿ. ಎರಡೂ ಪರದೆ ಇದ್ದಾಗ ಬಾರದ ಚಿತ್ರ ಈಗ ಬಂತು ಎಂದರೆ ತೊಂದರೆ ಇರುವುದು ಜೋಡಿಯಲ್ಲಿ. ಪ್ರತಿಬಿಂಬದ ಕ್ರಮದಲ್ಲಿ ಒಂದೇ ಚಿತ್ರ ಎರಡೂ ಕಡೆ ಹೋಗುವುದರಿಂದ ಎರಡರಲ್ಲಿ ದುರ್ಬಲವಾದದ್ದರ ಯೋಗ್ಯತೆಯೇ ಎರಡಕ್ಕೂ ಅನ್ವಯಿಸುತ್ತದೆ. ಮೂರನೇ ಹಳೆ ಮಾನಿಟರ್ ಸುಮ್ಮನೆ ಮೂಲೆಯಲ್ಲಿ ಹಚ್ಚಿದ್ದರೂ ಸಾಕು, ಕೆಲವು ಸೇವೆಗಳು ಅದನ್ನು ನೋಡಿ ಇಡೀ ಕಂಪ್ಯೂಟರಿಗೇ ಎಚ್‌ಡಿ ನಿರಾಕರಿಸುತ್ತವೆ. ಹಾಗಾಗಿ ಪರೀಕ್ಷೆಯ ಹೊತ್ತಿಗೆ ಒಂದು ಕಂಪ್ಯೂಟರು, ಒಂದು ಕೇಬಲ್, ಒಂದು ಮಾನಿಟರ್. ಉಳಿದದ್ದೆಲ್ಲ ಕಿತ್ತು ಪಕ್ಕಕ್ಕಿಡಿ.

ದಾರಿಯಲ್ಲಿ ಕೂತಿರುವ ಡಬ್ಬಿಗಳು

ಕಂಪ್ಯೂಟರಿನ ಹಿಂಬದಿಯಿಂದ ಮಾನಿಟರ್‌ವರೆಗೆ ಬೆರಳಿಟ್ಟು ಬನ್ನಿ. ನಡುವೆ ಸಿಗುವ ಪ್ರತಿಯೊಂದು ಡಬ್ಬಿಯೂ ಕೀಲಿ ತೋರಿಸಲೇಬೇಕು. ತೋರಿಸಲಾಗದ ಒಂದೇ ಒಂದು ಡಬ್ಬಿ ಇದ್ದರೂ ಸರಪಳಿ ಅಲ್ಲಿಗೆ ಕಡಿಯಿತು.

ಬಹಳ ಕಡೆ ಸಿಗುವ ಅಪರಾಧಿ ಎಚ್‌ಡಿಎಂಐನಿಂದ ವಿಜಿಎಗೆ ತಿರುಗಿಸುವ ಪುಟ್ಟ ಕನ್ವರ್ಟರ್. ಕಚೇರಿಗಳಿಂದ ಹೊರಬಿದ್ದ ಹಳೆ ಮಾನಿಟರ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ನಮ್ಮ ಊರುಗಳಿಗೆ ಮೂಟೆ ಮೂಟೆಯಾಗಿ ಬರುತ್ತವೆ. ಪರದೆ ಗಟ್ಟಿ, ಬೆಲೆ ಕಡಿಮೆ, ಓದುವ ಹುಡುಗರಿಗೆ ಹೇಳಿ ಮಾಡಿಸಿದ ಮಾಲು. ಆದರೆ ಅವುಗಳಲ್ಲಿ ಎಷ್ಟೋ ಮಾನಿಟರ್‌ಗಳ ಹಿಂದೆ ಇರುವುದು 15 ಪಿನ್ನಿನ ನೀಲಿ ವಿಜಿಎ ಒಂದೇ. ವಿಜಿಎ ಅನಲಾಗ್ ದಾರಿ. ಅದರಲ್ಲಿ ಎಚ್‌ಡಿಸಿಪಿ ಎಂಬುದೇ ಇಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ. ಎಷ್ಟು ದುಬಾರಿ ಕನ್ವರ್ಟರ್ ತಂದರೂ ನಿಯಮಕ್ಕೆ ತಕ್ಕಂತೆ ಮಾಡಿದ್ದಾದರೆ ಅದು ಕಾಪಾಡಿದ ಚಿತ್ರವನ್ನು, ಅಂದರೆ ಎಚ್‌ಡಿಸಿಪಿ ಬೇಡುವ ಚಿತ್ರವನ್ನು, ವಿಜಿಎಗೆ ಬಿಡುವುದಿಲ್ಲ. ಅಂಗಡಿಯಲ್ಲಿ "ಫುಲ್ ಎಚ್‌ಡಿ 1080 ಸಪೋರ್ಟ್" ಎಂದು ಡಬ್ಬಿಯ ಮೇಲೆ ಬರೆದದ್ದು ಸುಳ್ಳಲ್ಲ. ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ, ಅಷ್ಟೆ.

ಹಳೆ ಮಾನಿಟರ್ ಹಿಂದೆ ಬಿಳಿ ಬಣ್ಣದ ಡಿವಿಐ ಸಾಕೆಟ್ ಇದ್ದರೆ ಆಸೆ ಬಿಡಬೇಡಿ. ಡಿವಿಐ ಡಿಜಿಟಲ್, ಮಾನಿಟರ್‌ನಲ್ಲಿ ಎಚ್‌ಡಿಸಿಪಿ ಇದ್ದರೆ ಸಾದಾ ಎಚ್‌ಡಿಎಂಐ–ಡಿವಿಐ ಕೇಬಲ್ಲಿನಲ್ಲೇ ಸಿನಿಮಾ ಸರಾಗ ಬರುತ್ತದೆ. ಮಾನಿಟರ್‌ನ ಮಾದರಿ ಸಂಖ್ಯೆ ಹಿಂದಿನ ಚೀಟಿಯಲ್ಲಿರುತ್ತದೆ. ಅದನ್ನು ಹುಡುಕಿ ತಾಂತ್ರಿಕ ವಿವರದ ಪುಟದಲ್ಲಿ ಎಚ್‌ಡಿಸಿಪಿ ಎಂಬ ಪದ ಇದೆಯೇ ನೋಡಿ. ಡಿವಿಐ ಮಾನಿಟರ್‌ನಿಂದ ಧ್ವನಿ ನಿರೀಕ್ಷಿಸಬೇಡಿ, ಸ್ಪೀಕರನ್ನು ಕಂಪ್ಯೂಟರಿಗೆ ಹಚ್ಚಬೇಕು.

ಸ್ಪ್ಲಿಟರ್ ಇನ್ನೊಂದು ಬಗೆಯ ತಲೆನೋವು. ಒಂದು ಒಳಗೆ, ಎರಡು ಹೊರಗೆ. ಒಂದು ತಂತಿ ಮೇಜಿನ ಮಾನಿಟರ್‌ಗೆ, ಇನ್ನೊಂದು ಪಡಸಾಲೆಯ ಟಿವಿಗೆ. ಸ್ಪ್ಲಿಟರ್ ಎಚ್‌ಡಿಸಿಪಿ ರಿಪೀಟರ್ ಆಗಿದ್ದರೆ ಅದು ತನ್ನ ಹಿಂದಿರುವ ಎಲ್ಲ ಪರದೆಗಳ ಪಟ್ಟಿಯನ್ನು ಕಂಪ್ಯೂಟರಿಗೆ ಒಪ್ಪಿಸುತ್ತದೆ. 1.x ಆವೃತ್ತಿಯಲ್ಲಿ ಹೀಗೆ 127 ಸಾಧನ, 7 ಹಂತದವರೆಗೆ ಅವಕಾಶ, 2.x ಆವೃತ್ತಿಯಲ್ಲಿ 32 ಸಾಧನ, 4 ಹಂತ. ಮನೆಗೆ ಇದು ಬೇಕಾದಷ್ಟಾಯಿತು. ಆದರೆ ಪಟ್ಟಿಯಲ್ಲಿ ಒಂದು ಪರದೆ ಅನರ್ಹವಾದರೂ ಎರಡೂ ಕಪ್ಪಾಗಬಹುದು. ಟ್ಯೂಷನ್ ಕೇಂದ್ರಗಳಲ್ಲಿ ಕೀಬೋರ್ಡ್–ಮೌಸ್–ಮಾನಿಟರ್ ಹಂಚಿಕೊಳ್ಳುವ ಕೆವಿಎಂ ಡಬ್ಬಿಗಳಿಗೂ ಇದೇ ಮಾತು.

ಒಂದೇ ಯುಎಸ್‌ಬಿ ತೂತಿಗೆ ಹಲವು ಸಾಧನ ಹಚ್ಚಲು ಬಳಸುವ ಡಾಕ್‌ಗಳಲ್ಲಿ ಎರಡು ಜಾತಿ. ಯುಎಸ್‌ಬಿ-ಸಿ ತೂತಿನಿಂದ ಡಿಸ್‌ಪ್ಲೇಪೋರ್ಟ್ (ಎಚ್‌ಡಿಎಂಐನಂಥದೇ ಇನ್ನೊಂದು ಡಿಜಿಟಲ್ ದಾರಿ) ಸಂಕೇತವನ್ನೇ ನೇರ ಹೊರತರುವವು ಒಂದು. ಇವುಗಳಲ್ಲಿ ಸಾಮಾನ್ಯವಾಗಿ ತಕರಾರಿಲ್ಲ. ಇನ್ನೊಂದು ಡಿಸ್‌ಪ್ಲೇಲಿಂಕ್ ಬಗೆಯವು: ಪ್ರತ್ಯೇಕ ಡ್ರೈವರ್ ಹಾಕಬೇಕು, ಅದು ಪರದೆಯ ಚಿತ್ರವನ್ನು ಸೆರೆಹಿಡಿದು, ಕುಗ್ಗಿಸಿ, ಯುಎಸ್‌ಬಿಯಲ್ಲಿ ಕಳಿಸುತ್ತದೆ. ಮ್ಯಾಕ್‌ನಲ್ಲಿ ಈ ಡ್ರೈವರ್ ಪರದೆಯನ್ನು ಮುದ್ರಿಸಿಕೊಳ್ಳುವ "ಸ್ಕ್ರೀನ್ ರೆಕಾರ್ಡಿಂಗ್" ಅನುಮತಿಯನ್ನೇ ಕೇಳುತ್ತದೆ. ಹೀಗೆ ಪರದೆ ನಕಲಾಗುತ್ತಿರುವಾಗ ಸಫಾರಿ ಕಾಪಾಡಿದ ಚಿತ್ರವನ್ನು ಕೊಡುವುದಿಲ್ಲ. ಡಾಕ್ ಹಚ್ಚಲು ಡ್ರೈವರ್ ಇಳಿಸಿಕೊಂಡಿದ್ದಿರಾ ಎಂದು ಕೇಳಿಕೊಂಡರೆ ಯಾವ ಜಾತಿ ಎಂಬುದು ತಿಳಿಯುತ್ತದೆ. ಪರಿಹಾರ ಸರಳ: ಆ ಮಾನಿಟರನ್ನು ಡಾಕ್ ಬಿಟ್ಟು ಲ್ಯಾಪ್‌ಟಾಪಿನ ಸ್ವಂತ ಎಚ್‌ಡಿಎಂಐಗೆ ಹಚ್ಚಿ.

ತಂತಿಯಿಲ್ಲದೆ ಪರದೆ ತೋರಿಸುವ ಅಗ್ಗದ ಡಾಂಗಲ್‌ಗಳನ್ನು ಇದಕ್ಕೆ ನಂಬಬೇಡಿ. ಇನ್ನು ಗಣೇಶನ ಪೆಂಡಾಲಿನ ಎದುರು ಎಲ್‌ಇಡಿ ಗೋಡೆ ಕಟ್ಟಿ ಲ್ಯಾಪ್‌ಟಾಪಿನಿಂದ ಮ್ಯಾಚ್ ತೋರಿಸಲು ಹೋಗಿ ಕಪ್ಪು ಪರದೆ ನೋಡಿ ಕೂರುವವರಿಗೆ ಒಂದು ಮಾತು: ಆ ಗೋಡೆಗಳ ನಿಯಂತ್ರಕಗಳಲ್ಲಿ ಎಚ್‌ಡಿಸಿಪಿ ಇಲ್ಲದಿರುವುದು ಮಾಮೂಲು. ಅದಿದ್ದರೂ ಮನೆಗೆ ಕೊಂಡ ಚಂದಾ ಬೀದಿ ಪ್ರದರ್ಶನಕ್ಕೆ ಅನುಮತಿಯಲ್ಲ.

ಕರೆಂಟ್ ಹೋಗಿ ಬಂದ ಮೇಲೆ

ನಿನ್ನೆವರೆಗೆ ಸರಿಯಿದ್ದದ್ದು ಇವತ್ತು ಕಪ್ಪಾಗಿದೆ, ಏನೂ ಬದಲಿಸಿಲ್ಲ ಎನ್ನುವವರು ಮೊದಲು ನೆನಪು ಮಾಡಿಕೊಳ್ಳಬೇಕಾದದ್ದು ಕರೆಂಟನ್ನು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಮಾನಿಟರ್‌ಗೆ ಇಲ್ಲ. ಅರ್ಧ ಸೆಕೆಂಡು ಕರೆಂಟ್ ಮಿಡುಕಿದರೂ ಮಾನಿಟರ್ ಸತ್ತು ಹುಟ್ಟುತ್ತದೆ, ಲ್ಯಾಪ್‌ಟಾಪ್ ಮಾತ್ರ ಹಳೆಯ ಒಪ್ಪಿಗೆ ಹಿಡಿದುಕೊಂಡು ಕೂತಿರುತ್ತದೆ. ಇದನ್ನು ಬಿಡಿಸುವ ಕ್ರಮ ಹೀಗೆ:

1. ಬ್ರೌಸರ್ ಪೂರ್ತಿ ಮುಚ್ಚಿ. ಎಚ್‌ಡಿಎಂಐ ಕೇಬಲನ್ನು ಎರಡೂ ತುದಿಯಲ್ಲಿ ಕೀಳಿ.
2. ಮಾನಿಟರ್‌ನ ಗುಂಡಿ ಒತ್ತಿ ಬಂದ್ ಮಾಡಿದರೆ ಸಾಲದು, ಅದು ನಿದ್ದೆ ಅಷ್ಟೆ. ಗೋಡೆಯ ಸ್ವಿಚ್ ಬಂದ್ ಮಾಡಿ, ಎರಡು ನಿಮಿಷ ಬಿಡಿ. ಒಳಗಿನ ಕೆಪಾಸಿಟರ್‌ಗಳು ಖಾಲಿಯಾಗಬೇಕು.
3. ಲ್ಯಾಪ್‌ಟಾಪನ್ನು ಶಟ್‌ಡೌನ್ ಮಾಡುವ ಬದಲು ರೀಸ್ಟಾರ್ಟ್ ಮಾಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದಾಗ ಶಟ್‌ಡೌನ್ ಮಾಡಿದರೆ ಡ್ರೈವರ್‌ಗಳ ಹಳೆ ಸ್ಥಿತಿ ಹಾಗೇ ಉಳಿಯುತ್ತದೆ. ರೀಸ್ಟಾರ್ಟ್ ಎಲ್ಲವನ್ನೂ ಹೊಸದಾಗಿ ಎಬ್ಬಿಸುತ್ತದೆ.
4. ಮಾನಿಟರ್ ಮೊದಲು ಚಾಲೂ ಮಾಡಿ, ಅದರ ಮೆನುವಿನಲ್ಲಿ ಸರಿಯಾದ ಎಚ್‌ಡಿಎಂಐ ಆರಿಸಿ. ಆಮೇಲೆ ಕೇಬಲನ್ನು ಮಾನಿಟರ್‌ಗೆ, ಕೊನೆಗೆ ಲ್ಯಾಪ್‌ಟಾಪಿಗೆ.

ಅವಸರವಿದ್ದರೆ ಕೇಬಲ್ ಕೀಳದೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಪರದೆ ಒಂದು ಕ್ಷಣ ಮಿಂಚಿ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಎದ್ದುಕೊಳ್ಳುತ್ತದೆ. ತೆರೆದ ಕೆಲಸ ಹಾಳಾಗುವುದಿಲ್ಲ.

ಹಳೆ ಡೆಸ್ಕ್‌ಟಾಪ್‌ಗಳಲ್ಲಿ ಇನ್ನೊಂದು ಸಣ್ಣ ವಿಷಯ ಕಾಡುತ್ತದೆ. ಮದರ್‌ಬೋರ್ಡ್ ಮೇಲಿನ ಸಿಆರ್2032 ಗುಂಡಿ ಸೆಲ್ ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಓಡುತ್ತದೆ. ಗಡಿಯಾರ ತಪ್ಪಿದ ಕಂಪ್ಯೂಟರಿಗೆ ಸಿನಿಮಾದ ಪರವಾನಗಿ ಸಿಗುವುದಿಲ್ಲ, ಕೆಲವೊಮ್ಮೆ ಸೇವೆಯ ಪುಟವೇ ತೆರೆಯುವುದಿಲ್ಲ. ಮೂರು ವೋಲ್ಟಿನ ಆ ಸೆಲ್ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಧೂಳು, ಅರ್ಥಿಂಗ್ ಮತ್ತು ಎರಡು ಪಿನ್ನುಗಳು

ಎಚ್‌ಡಿಎಂಐ ಮೂತಿಯಲ್ಲಿ 19 ಪಿನ್ನುಗಳು. ಚಿತ್ರ ಸಾಗುವುದು ಮೊದಲ ಹನ್ನೆರಡರಲ್ಲಿ. ಕೀಲಿ ಕೇಳುವ ಮಾತುಕತೆ 15 ಮತ್ತು 16ನೇ ಪಿನ್ನಿನಲ್ಲಿ ನಡೆಯುತ್ತದೆ. 18ನೆಯದರಲ್ಲಿ 5 ವೋಲ್ಟ್, 19ನೆಯದರಲ್ಲಿ "ನಾನಿದ್ದೇನೆ" ಎಂದು ಮಾನಿಟರ್ ತಿಳಿಸುವ ಸಂಕೇತ. ಮಾನಿಟರ್ ತನ್ನ ಹೆಸರು, ಗಾತ್ರ, ವೇಗ ಹೇಳಿಕೊಳ್ಳುವುದೂ 15–16ರಲ್ಲೇ. ಅದಕ್ಕೇ ಮೇಲೆ ಹೇಳಿದ ಐದನೇ ಲಕ್ಷಣ ಮುಖ್ಯ: ಗಾತ್ರವೂ ತಪ್ಪಿದೆ, ಸಿನಿಮಾವೂ ಇಲ್ಲ ಎಂದರೆ ಈ ಎರಡು ಪಿನ್ನಿನ ದಾರಿಯೇ ಕಡಿದಿದೆ. ಖಚಿತ ಮಾಡಿಕೊಳ್ಳಲು ಡಿವೈಸ್ ಮ್ಯಾನೇಜರ್‌ನಲ್ಲಿ ಮಾನಿಟರ್ಸ್ ಸಾಲು ತೆರೆಯಿರಿ. "ಜೆನೆರಿಕ್ ನಾನ್-ಪಿಎನ್‌ಪಿ ಮಾನಿಟರ್" ಎಂದಿದ್ದರೆ ಕಂಪ್ಯೂಟರಿಗೆ ಮಾನಿಟರ್‌ನ ಮಾತು ಕೇಳಿಸುತ್ತಿಲ್ಲ. ನಡುವೆ ನಾನ್ ಎಂಬುದು ಇಲ್ಲದೆ ಬರೀ "ಜೆನೆರಿಕ್ ಪಿಎನ್‌ಪಿ" ಎಂದಿದ್ದರೆ ಚಿಂತೆಯಿಲ್ಲ, ಅದು ಸಹಜ.

ದಾರಿ ಕಡಿಯಲು ನಮ್ಮ ಸೀಮೆಯಲ್ಲಿ ಎರಡು ಕಾರಣ ಹೆಚ್ಚು. ಮೊದಲನೆಯದು ಧೂಳು. ಸಂಡೂರಿನ ಅದಿರು ಲಾರಿಗಳು ಓಡಾಡುವ ರಸ್ತೆಗಳ ಕೆಂಪು ಹುಡಿ, ಕೊಪ್ಪಳದ ಗಿಣಿಗೇರಿ ಕಡೆ ಕಾರ್ಖಾನೆಗಳ ಕಪ್ಪು ಹುಡಿ, ರಾಯಚೂರಿನ ಶಕ್ತಿನಗರದ ಸುತ್ತ ಹಾರುಬೂದಿ, ಮೂರೂ ಹಿಟ್ಟಿನಷ್ಟು ನುಣುಪು. ಬಳಸದೆ ಬಿಟ್ಟ ಎಚ್‌ಡಿಎಂಐ ತೂತಿನಲ್ಲಿ ಸೇರಿಕೊಂಡು, ಕೇಬಲ್ ಚುಚ್ಚಿದಾಗ ಪಿನ್ನಿನ ಮೇಲೆ ಪದರವಾಗಿ ಒತ್ತಿಕೊಳ್ಳುತ್ತದೆ. ಎಲ್ಲ ಕರೆಂಟ್ ಬಂದ್ ಮಾಡಿ, ಕ್ಯಾಮೆರಾದವರು ಬಳಸುವ ರಬ್ಬರ್ ಪಂಪಿನಿಂದ ಊದಿ ತೆಗೆಯಿರಿ. ಬಾಯಿಂದ ಊದಬೇಡಿ, ಉಗುಳಿನ ತೇವ ಹೋಗುತ್ತದೆ. ಜಿಗಟು ಉಳಿದಿದ್ದರೆ ಮೊಬೈಲ್ ರಿಪೇರಿಯವರ ಬಳಿ ಸಿಗುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರಾವಣವನ್ನು ಮೃದು ಬ್ರಷ್‌ಗೆ ಸ್ವಲ್ಪ ತಾಕಿಸಿ ಉಜ್ಜಿ, ಹತ್ತು ನಿಮಿಷ ಆರಲು ಬಿಡಿ. ಬಟ್ಟೆಪಿನ್ನು, ಸೂಜಿ ಹಾಕಿ ಕೆರೆದರೆ ಪಿನ್ನು ಬಗ್ಗಿ ಸಾಕೆಟ್ಟೇ ಹೋಗುತ್ತದೆ.

ಎರಡನೆಯದು ಅರ್ಥಿಂಗ್. ಲ್ಯಾಪ್‌ಟಾಪ್ ಮುಟ್ಟಿದರೆ, ಮಾನಿಟರ್‌ನ ಹಿಂದಿನ ಲೋಹ ಮುಟ್ಟಿದರೆ ಬೆರಳಿಗೆ ಜುಮ್ ಎನ್ನುತ್ತದೆಯೇ? ಎರಡು ಸಾಧನಗಳ ಮೈಯಲ್ಲಿ ಬೇರೆ ಬೇರೆ ವೋಲ್ಟೇಜ್ ನಿಂತಿದೆ ಎಂದರ್ಥ. ಹಾಗಿರುವಾಗ ಎರಡೂ ಚಾಲೂ ಇಟ್ಟು ಎಚ್‌ಡಿಎಂಐ ಚುಚ್ಚಿದರೆ ಆ ವ್ಯತ್ಯಾಸ ಸಣ್ಣ ಪಿನ್ನುಗಳ ಮೂಲಕವೇ ಹರಿಯಬಹುದು, ಸೂಕ್ಷ್ಮವಾದ 15–16ರ ಚಿಪ್ ಸುಡಬಹುದು. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಮುರಿದು ಎರಡು ಪಿನ್ನಿನ ಬೋರ್ಡಿಗೆ ಹಚ್ಚಿದ್ದರೆ ಮೊದಲು ಅದನ್ನು ಸರಿಪಡಿಸಿ. ಲ್ಯಾಪ್‌ಟಾಪ್ ಚಾರ್ಜರ್, ಮಾನಿಟರ್, ಸ್ಪೀಕರ್ ಎಲ್ಲವನ್ನೂ ಒಂದೇ ಅರ್ಥ್ ಇರುವ ಒಂದೇ ಬೋರ್ಡಿನಿಂದ ತೆಗೆದುಕೊಳ್ಳಿ. ಎಲೆಕ್ಟ್ರಿಷಿಯನ್ ಕರೆದು ನ್ಯೂಟ್ರಲ್–ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. 2–3 ವೋಲ್ಟಿಗಿಂತ ಮೇಲಿದ್ದರೆ ಅರ್ಥಿಂಗ್‌ಗಾಗಿ ನೆಲದಲ್ಲಿ ತೋಡಿದ ಗುಂಡಿ ನೋಡಬೇಕು. ಇದ್ದಿಲು–ಉಪ್ಪಿನ ಹಳೆ ಗುಂಡಿಗಳು ನಮ್ಮ ಏಪ್ರಿಲ್–ಮೇ ಬಿಸಿಲಿಗೆ ಒಣಗಿ ಕೆಲಸ ನಿಲ್ಲಿಸುತ್ತವೆ, ನೀರು ಹಾಕುತ್ತಿರಬೇಕು. ಮನೆಯವರು ಸ್ವತಃ ಬೋರ್ಡ್ ಬಿಚ್ಚಿ ಅಳೆಯಲು ಹೋಗುವುದು ಬೇಡ.

ಒಂದು ತೂತಿನ ಚಿಪ್ ಸುಟ್ಟಿದ್ದರೂ ಮಾನಿಟರ್‌ನ ಎರಡನೇ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಬದುಕಿರುವ ಸಾಧ್ಯತೆ ಚೆನ್ನಾಗಿದೆ. ರಿಪೇರಿಗೆ ಕೊಡುವ ಮುಂಚೆ ಅದನ್ನು ಪರೀಕ್ಷಿಸಿ.

ಕಂಪ್ಯೂಟರಿನ ಒಳಗೆ

ಅಂಗಡಿಯಲ್ಲಿ ವಿಂಡೋಸ್ ಹೊಸದಾಗಿ ಹಾಕಿಸಿಕೊಂಡ ಮೇಲೆ ಶುರುವಾದ ತೊಂದರೆಯಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ. "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್ ಹಾಕಿಯೇ ಇಲ್ಲ. ಇಂಟೆಲ್, ಎಎಂಡಿ, ಎನ್‌ವಿಡಿಯಾ ಯಾವುದೋ ನೋಡಿ ಆ ಕಂಪನಿಯ ತಾಣದಿಂದಲೇ ಡ್ರೈವರ್ ತನ್ನಿ. ಕತ್ತರಿಸಿ ಹಗುರ ಮಾಡಿದ "ಲೈಟ್" ವಿಂಡೋಸ್ ಹಾಕಿಸಿಕೊಂಡಿದ್ದರೆ ಮಾಧ್ಯಮದ ಭಾಗಗಳೇ ಕಿತ್ತುಹೋಗಿರಬಹುದು, ಅಲ್ಲಿ ಯಾವ ಔಷಧವೂ ನಾಟದು.

ಡ್ರೈವರ್ ಇದೆ ಎಂದಾದರೆ ಎಚ್‌ಡಿಸಿಪಿ ಸ್ಥಿತಿಯನ್ನು ಅದನ್ನೇ ಕೇಳಬಹುದು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಡಿಸ್‌ಪ್ಲೇ ಗುಂಪಿನಲ್ಲಿ "ವ್ಯೂ ಎಚ್‌ಡಿಸಿಪಿ ಸ್ಟೇಟಸ್" ಇದೆ. ಯಾವ ಮಾನಿಟರ್ ಅರ್ಹ, ಯಾವುದಲ್ಲ ಎಂದು ಚಿತ್ರಸಹಿತ ಹೇಳುತ್ತದೆ. ಎಎಂಡಿ ತಂತ್ರಾಂಶದ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಪ್ರತಿ ಮಾನಿಟರ್‌ಗೂ "ಎಚ್‌ಡಿಸಿಪಿ ಸಪೋರ್ಟ್" ಎಂಬ ಗುಂಡಿಯಿದೆ. ಯಾರೋ ಆಟ ಆಡುವಾಗ ಅದನ್ನು ಬಂದ್ ಮಾಡಿಟ್ಟಿರುವುದುಂಟು.

ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಬ್ರೌಸರ್ ಇಂಟೆಲ್ ಮೇಲೆ ಓಡುತ್ತಿದ್ದು ಎಚ್‌ಡಿಎಂಐ ತೂತು ಎನ್‌ವಿಡಿಯಾಗೆ ಕೂಡಿರುವುದುಂಟು. ಕಾಪಾಡಿದ ಚಿತ್ರ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಮುಗ್ಗರಿಸುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ ಬ್ರೌಸರನ್ನು ಸೇರಿಸಿ, "ಹೈ ಪರ್ಫಾರ್ಮೆನ್ಸ್" ಕೊಟ್ಟು ನೋಡಿ. ಆಗದಿದ್ದರೆ "ಪವರ್ ಸೇವಿಂಗ್". ಡೆಸ್ಕ್‌ಟಾಪಿನಲ್ಲಿ ಇದು ಇನ್ನೂ ಸುಲಭ: ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೂ ಕೇಬಲ್ ಮದರ್‌ಬೋರ್ಡಿನ ತೂತಿಗೇ ಹಚ್ಚಿದೆಯೇ ನೋಡಿ.

ಪರದೆ ನಕಲು ಮಾಡುವ, ಹಂಚುವ ತಂತ್ರಾಂಶಗಳನ್ನೆಲ್ಲ ಬಂದ್ ಮಾಡಿ. ಓಬಿಎಸ್, ಎನಿಡೆಸ್ಕ್, ಆನ್‌ಲೈನ್ ತರಗತಿಯ ಸ್ಕ್ರೀನ್ ಶೇರ್. ಕಿಟಕಿ ಮುಚ್ಚಿದರೂ ಕೆಲವು ಕೆಳಗಿನ ಪಟ್ಟಿಯ ಬಲತುದಿಯಲ್ಲಿ ಅವಿತಿರುತ್ತವೆ, ಅಲ್ಲಿಂದ ಹೊರಹಾಕಬೇಕು. ದೂರದ ಕಂಪ್ಯೂಟರನ್ನು ರಿಮೋಟ್ ಡೆಸ್ಕ್‌ಟಾಪ್ ಮೂಲಕ ತೆರೆದು ಅದರಲ್ಲಿ ಸಿನಿಮಾ ನೋಡುವ ಪ್ರಯತ್ನವಂತೂ ಕಪ್ಪು ಪರದೆಯಲ್ಲೇ ಮುಗಿಯುತ್ತದೆ.

ಬ್ರೌಸರ್‌ಗೆ ಬಂದರೆ, ಕ್ರೋಮ್ ಮತ್ತು ಫೈರ್‌ಫಾಕ್ಸ್ ವೈಡ್‌ವೈನ್ ಎಂಬ ಬೀಗ ಬಳಸುತ್ತವೆ, ಸಫಾರಿ ಫೇರ್‌ಪ್ಲೇ. ಎಡ್ಜ್‌ಗೆ ವಿಂಡೋಸ್‌ನದೇ ಪ್ಲೇರೆಡಿಯ ಬಲವಿದೆ. ಕ್ರೋಮ್ ವಿಳಾಸಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಕ್ರೋಮ್, ಕೋಲನ್, ಎರಡು ಓರೆಗೆರೆ, ಕಾಂಪೊನೆಂಟ್ಸ್ ಎಂದು ಬರೆದು ಎಂಟರ್ ಒತ್ತಿದರೆ ಪಟ್ಟಿ ಬರುತ್ತದೆ. ಅದರಲ್ಲಿ ವೈಡ್‌ವೈನ್ ಸಾಲಿನ ಅಪ್‌ಡೇಟ್ ಗುಂಡಿ ಒತ್ತಿ, ಬ್ರೌಸರ್ ಮುಚ್ಚಿ ತೆರೆಯಿರಿ. ಫೈರ್‌ಫಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಡಿಆರ್‌ಎಂ (ನಕಲು ತಡೆಯುವ ಬೀಗವಿರುವ) ವಿಡಿಯೊ ಓಡಿಸುವ ಚೌಕಕ್ಕೆ ಗುರುತು ಇರಬೇಕು. ಲಿನಕ್ಸ್ ಬಳಸುವವರಿಗೆ ಕಪ್ಪು ಪರದೆಗಿಂತ ಮಸುಕು ಚಿತ್ರದ ಕಾಟವೇ ಹೆಚ್ಚು, ಏಕೆಂದರೆ ಅಲ್ಲಿ ವೈಡ್‌ವೈನ್ ಬರೀ ತಂತ್ರಾಂಶದ ಮಟ್ಟದಲ್ಲಿ ಕೆಲಸ ಮಾಡುತ್ತದೆ.

ಎಲ್ಲರೂ ಹೇಳುವ "ಹಾರ್ಡ್‌ವೇರ್ ಆ್ಯಕ್ಸಲರೇಶನ್ ಬಂದ್ ಮಾಡಿ" ಎಂಬ ಸಲಹೆಯನ್ನು ಕೊನೆಗಿಟ್ಟಿದ್ದು ಬೇಕೆಂದೇ. ಕ್ರೋಮ್ ಸೆಟ್ಟಿಂಗ್ಸ್‌ನ ಸಿಸ್ಟಮ್ ಭಾಗದಲ್ಲಿ ಆ ಗುಂಡಿ ಇದೆ. ಬಂದ್ ಮಾಡಿದರೆ ಎಷ್ಟೋ ಸಲ ಚಿತ್ರ ಬರುತ್ತದೆ, ಡಿಸ್‌ಪ್ಲೇಲಿಂಕ್ ಡಾಕ್‌ಗಳಲ್ಲೂ ಇದೇ ದಾರಿ. ಆದರೆ ಆಗ ಚಿತ್ರ ಬಿಡಿಸುವ ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಬೇಸಿಗೆ ಮಧ್ಯಾಹ್ನ ಬಳ್ಳಾರಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಫ್ಯಾನ್ ಗಿರಣಿಯಂತೆ ಕೂಗುತ್ತದೆ, ದರ್ಜೆಯೂ ಇಳಿಯಬಹುದು. ರೋಗ ಎಲ್ಲಿದೆ ಎಂದು ತಿಳಿಯಲು ಬಳಸಿ, ತಿಳಿದ ಮೇಲೆ ಮತ್ತೆ ಚಾಲೂ ಮಾಡಿಡಿ.

4ಕೆ ಬೇಕೆಂದರೆ

1080ರ ಚಿತ್ರಕ್ಕೆ ಎಚ್‌ಡಿಸಿಪಿ 1.4 ಸಾಕು, ಹಾಗಾಗಿ ಎಂಟು–ಹತ್ತು ವರ್ಷದ ಮಾನಿಟರನ್ನು ಎಸೆಯುವ ಅಗತ್ಯವಿಲ್ಲ. 4ಕೆ ಬೇರೆ ಲೆಕ್ಕ. 1.x ಆವೃತ್ತಿಯ ಮೂಲ ಕೀಲಿಯೇ 2010ರಲ್ಲಿ ಬಯಲಾಗಿತ್ತು; ಚಿತ್ರೋದ್ಯಮ 4ಕೆಗೆ 2.2 ಬೇಕೆಂದು ಹಟ ಹಿಡಿದಿರುವುದು ಸುಮ್ಮನೆ ಅಲ್ಲ. ವಿಂಡೋಸ್‌ನಲ್ಲಿ ನೆಟ್‌ಫ್ಲಿಕ್ಸ್ 4ಕೆಗೆ ಎಡ್ಜ್ ಬ್ರೌಸರ್ ಅಥವಾ ಅದರ ಆ್ಯಪ್, 60 ಹರ್ಟ್ಸ್‌ನ 4ಕೆ ಪರದೆ, 2.2 ಇರುವ ತೂತು, ಕುಗ್ಗಿಸಿದ 4ಕೆ ವಿಡಿಯೊ ಬಿಡಿಸಲು ಮೈಕ್ರೋಸಾಫ್ಟ್ ಸ್ಟೋರ್‌ನ ಎಚ್‌ಇವಿಸಿ ವಿಸ್ತರಣೆ, ಇಂಟೆಲ್ ಆದರೆ 7ನೇ ತಲೆಮಾರು ಅಥವಾ ನಂತರದ್ದು, 15 ಎಂಬಿಪಿಎಸ್ ಇಂಟರ್ನೆಟ್, ಪ್ರೀಮಿಯಂ ಚಂದಾ. ಹಚ್ಚಿದ ಪ್ರತಿಯೊಂದು ಪರದೆಗೂ 2.2 ಇರಬೇಕು. ಮ್ಯಾಕ್ ಆದರೆ ಸಫಾರಿ, ಟಿ2 ಚಿಪ್ ಅಥವಾ ಆ್ಯಪಲ್ ಸಿಲಿಕಾನ್, ಮ್ಯಾಕ್‌ಓಎಸ್‌ನ ಬಿಗ್ ಸರ್ ಅಥವಾ ನಂತರದ ಆವೃತ್ತಿ.

4ಕೆ ಮಾನಿಟರ್ ಇದ್ದೂ 30 ಹರ್ಟ್ಸ್‌ಗೆ ನಿಂತಿದ್ದರೆ ಎಲ್ಲೋ ಎಚ್‌ಡಿಎಂಐ 1.4 ಕೊಂಡಿ ಇದೆ. 60 ಹರ್ಟ್ಸ್‌ಗೆ 2.0 ಬೇಕು, ಅಂದರೆ 18 ಗಿಗಾಬಿಟ್ ಸಾಗಿಸಬಲ್ಲ ದಾರಿ. ಇಲ್ಲಿ ಮಾತ್ರ ಕೇಬಲ್‌ಗೆ ದುಡ್ಡು ಹಾಕುವುದರಲ್ಲಿ ಅರ್ಥವಿದೆ: "ಪ್ರೀಮಿಯಂ ಹೈ ಸ್ಪೀಡ್" ಚೀಟಿಯಿರುವುದು, ಎರಡು ಮೀಟರ್ ಒಳಗಿನದು. ಕೆಲವು ಹಳೆ 4ಕೆ ಟಿವಿಗಳಲ್ಲಿ 2.2 ಇರುವುದು ಒಂದೇ ತೂತಿಗೆ, ತೂತಿನ ಪಕ್ಕದ ಬರಹ ಓದಿ.

ನಿಜಕ್ಕೂ ಎಷ್ಟು ದರ್ಜೆ ಬರುತ್ತಿದೆ ಎಂಬ ಅನುಮಾನವಿದ್ದರೆ ನೆಟ್‌ಫ್ಲಿಕ್ಸ್ ಓಡುತ್ತಿರುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್, ಡಿ ಒತ್ತಿ. ಪರದೆ ಮೇಲೆ ಅಂಕಿಗಳ ಸಾಲು ಬರುತ್ತದೆ. ಪ್ಲೇಯಿಂಗ್ ಬಿಟ್‌ರೇಟ್ ಪಕ್ಕದ ಆವರಣದಲ್ಲಿ 1920×1080 ಅಥವಾ 3840×2160 ಎಂದು ಇರುತ್ತದೆ. ಶುರುವಾದ ಮೊದಲ ಒಂದೆರಡು ನಿಮಿಷ ಅಂಕಿ ಕಡಿಮೆಯಿದ್ದು ಏರುವುದು ಸಹಜ.

ಕೊಳ್ಳುವ ಮುಂಚೆ

ಮಾರುಕಟ್ಟೆಯಲ್ಲಿ ಕೆಲವು ಸ್ಪ್ಲಿಟರ್‌ಗಳನ್ನು ಎಚ್‌ಡಿಸಿಪಿ ಕಿತ್ತುಹಾಕುತ್ತದೆ ಎಂದು ಪಿಸುಮಾತಿನಲ್ಲಿ ಮಾರುವುದುಂಟು. ಹಕ್ಕುಸ್ವಾಮ್ಯ ಕಾಯ್ದೆ 1957ಕ್ಕೆ 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮಿನಡಿ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ. ಅಷ್ಟಕ್ಕೂ ಅದೇ ದುಡ್ಡಿಗೆ ನೆಟ್ಟಗಿನ ದಾರಿ ಇದೆ: ಎಚ್‌ಡಿಎಂಐ ಅಥವಾ ಎಚ್‌ಡಿಸಿಪಿ ಇರುವ ಡಿವಿಐ ಮಾನಿಟರ್‌ಗೆ ಕಂಪ್ಯೂಟರ್ ಇಲ್ಲದೆಯೇ ಇಂಟರ್ನೆಟ್ಟಿನಿಂದ ಸಿನಿಮಾ ಓಡಿಸುವ ಒಂದು ಸ್ಟ್ರೀಮಿಂಗ್ ಸ್ಟಿಕ್. ಕಂಪ್ಯೂಟರಿನ ಡ್ರೈವರ್, ಬ್ರೌಸರ್ ಗೊಂದಲವೆಲ್ಲ ಬದಿಗೆ ಸರಿಯುತ್ತದೆ. ಸ್ಟಿಕ್‌ಗೆ ಕರೆಂಟನ್ನು ಮಾನಿಟರ್‌ನ ಯುಎಸ್‌ಬಿಯಿಂದ ಕೊಡಬೇಡಿ, ಅದು ಅರ್ಧ ಆಂಪಿಯರ್‌ಗೇ ನಿಲ್ಲಬಹುದು. ಜೊತೆಗೆ ಬಂದ ಚಾರ್ಜರ್ ಬಳಸಿ.

ಹಳೆ ಮಾನಿಟರ್ ಕೊಳ್ಳುವವರು ಅಂಗಡಿಗೆ ಹೋಗುವಾಗ ಸ್ವಂತ ಲ್ಯಾಪ್‌ಟಾಪ್, ಸ್ವಂತ ಎಚ್‌ಡಿಎಂಐ ಕೇಬಲ್, ಮೊಬೈಲ್ ಹಾಟ್‌ಸ್ಪಾಟ್ ಒಯ್ಯಿರಿ. ಅಂಗಡಿಯವರು ಪೆನ್‌ಡ್ರೈವಿನ ಹಾಡು ಓಡಿಸಿ ತೋರಿಸಿದರೆ ಅದು ಯಾವ ಮಾನಿಟರ್‌ನಲ್ಲೂ ಓಡುತ್ತದೆ. ನಿಮ್ಮ ಚಂದಾದ ಸೇವೆಯನ್ನೇ ತೆರೆದು, ಎರಡನೇ ಪರದೆ ಮಾತ್ರ ಎಂದು ಆರಿಸಿ, ಐದು ನಿಮಿಷ ಬಿಡದೆ ಓಡಿಸಿ. ಆ ಐದು ನಿಮಿಷದಲ್ಲಿ ಕೇಬಲ್ಲಿನ ಮೂತಿಯನ್ನು ಮೆಲ್ಲಗೆ ಆ ಕಡೆ ಈ ಕಡೆ ಅಲ್ಲಾಡಿಸಿ ನೋಡಿ. ಚಿತ್ರ ಕಣ್ಣು ಮಿಟುಕಿಸಿದರೆ ಸಾಕೆಟ್ ಸಡಿಲ, ಬೇರೆ ಮಾನಿಟರ್ ತೋರಿಸಿ ಎನ್ನಿ.